ರಕ್ತಪಿಶಾಚಿಗೆ ಕಾರಣ ಕೊಟ್ಟರೆ ಭಯ ಕಡಿಮೆಯಾಗುತ್ತದಾ? ವ್ಯಾಂಪೈರ್ ಕಥೆ, ಸೈನ್ಸ್ ಫಿಕ್ಷನ್ ಸರಣಿ ಮತ್ತು ನಮ್ಮ ಕಡೆಯ ದೆವ್ವಗಳು

ಕೋಟೆಬಾಗಿಲು, ಚಿತ್ರದುರ್ಗ

ವ್ಯಾಂಪೈರ್ ಸರಣಿ ನೋಡುವವರು ಒಂದು ಗುಂಪು, ಸೈನ್ಸ್ ಫಿಕ್ಷನ್ ನೋಡುವವರು ಇನ್ನೊಂದು ಗುಂಪು ಅಂತ ನಮ್ಮಲ್ಲೇ ಒಂದು ಗೆರೆ ಬಿದ್ದಿದೆ. ಒಬ್ಬರು ವ್ಯಾಂಪೈರ್ ಬೇಟೆಗಾರ್ತಿಯ ಸರಣಿ ‘ಬಫಿ’ ಅಂದರೆ ಇನ್ನೊಬ್ಬರು ಬಾಹ್ಯಾಕಾಶದ ಸರಣಿ ‘ಸ್ಟಾರ್ ಟ್ರೆಕ್’ ಅನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಈ ಗೆರೆ ಅಳಿಸಬೇಕು ಅನ್ನುವುದು ನನ್ನ ಆಸೆ. ಯಾಕೆಂದರೆ ಎರಡೂ ಹುಟ್ಟಿದ್ದು ಒಂದೇ ಮನೆಯಲ್ಲಿ.

1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಹೊಗೆ ಆಕಾಶದಲ್ಲಿ ಹರಡಿ, ಮುಂದಿನ ವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬರೀ ಮಳೆ, ಚಳಿ. 1816ರ ಆ ದಿನಗಳಲ್ಲಿ ಜಿನೀವಾ ಸರೋವರದ ಪಕ್ಕದ ಬಂಗಲೆಯೊಂದರಲ್ಲಿ ಕವಿ ಬೈರನ್ ಮತ್ತು ಗೆಳೆಯರು ಹೊರಗೆ ಹೋಗಲಾಗದೆ ಕೂತಿದ್ದರು. ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಅಂತ ಮಾತಾಯಿತು. ಮೇರಿ ಶೆಲ್ಲಿ ಅಲ್ಲಿ ಶುರು ಮಾಡಿದ್ದು ‘ಫ್ರಾಂಕೆನ್‌ಸ್ಟೈನ್’. ಅದು 1818ರಲ್ಲಿ ಅಚ್ಚಾಯಿತು. ಬೈರನ್ ಅಲ್ಲಿ ಅರ್ಧಕ್ಕೆ ಬಿಟ್ಟ ಕಥೆಯ ಎಳೆ ಹಿಡಿದು ಅವನ ವೈದ್ಯ ಪೋಲಿಡೋರಿ ಬರೆದ ‘ದ ವ್ಯಾಂಪೈರ್’ 1819ರಲ್ಲಿ ಬಂತು. ಇಂಗ್ಲಿಷಿನಲ್ಲಿ ಶ್ರೀಮಂತ, ಸುಂದರ ವ್ಯಾಂಪೈರ್ ಬಂದಿದ್ದು ಅಲ್ಲಿಂದ. ಸೈನ್ಸ್ ಫಿಕ್ಷನ್‌ನ ಮೊದಲ ಕಾದಂಬರಿ ಅಂತ ಬಹಳ ಜನ ಹೇಳುವ ಪುಸ್ತಕವೂ ಅದೇ ಮಳೆಯಲ್ಲಿ ಮೊಳೆತದ್ದು.

ಈಗ ನನ್ನ ಪ್ರಶ್ನೆ. ರಕ್ತಪಿಶಾಚಿಗೆ ವೈಜ್ಞಾನಿಕ ಕಾರಣ ಕೊಟ್ಟರೆ ಭಯ ಜಾಸ್ತಿಯಾಗುತ್ತದಾ, ಕಡಿಮೆಯಾಗುತ್ತದಾ? ನನ್ನ ಉತ್ತರ: ಜಾಸ್ತಿಯಾಗುತ್ತದೆ. ಸಾಕ್ಷಿಗೆ 1998ರ ಬ್ರಿಟಿಷ್ ಸರಣಿ ‘ಅಲ್ಟ್ರಾವಯೊಲೆಟ್’. ಬರೀ ಆರು ಕಂತು. ವ್ಯಾಂಪೈರ್ ಕನ್ನಡಿಯಲ್ಲಿ ಕಾಣುವುದಿಲ್ಲ ಅನ್ನುವ ಹಳೇ ನಂಬಿಕೆಯನ್ನು ಅವರು ಹಾಗೇ ಇಟ್ಟುಕೊಂಡು ಮುಂದಕ್ಕೆ ಎಳೆದರು. ಕನ್ನಡಿಯಲ್ಲಿ ಇಲ್ಲ ಅಂದಮೇಲೆ ಕ್ಯಾಮೆರಾದಲ್ಲೂ ಇಲ್ಲ, ಫೋನಿನಲ್ಲಿ ದನಿಯೂ ಇಲ್ಲ. ಹಾಗಾಗಿ ಬೇಟೆಗಾರರ ಬಂದೂಕಿಗೇ ಒಂದು ಪುಟ್ಟ ವಿಡಿಯೋ ಕ್ಯಾಮೆರಾ ಕಟ್ಟಿದ್ದಾರೆ. ಕಣ್ಣಿಗೆ ಕಾಣುವ ಮನುಷ್ಯ ಪರದೆಯ ಮೇಲೆ ಇಲ್ಲ ಅಂದರೆ ಗುಂಡು ಹಾರಿಸಬಹುದು. ಗುಂಡಿನಲ್ಲಿ ಇದ್ದಿಲು, ಅಂದರೆ ಹಳೇ ಮರದ ಗೂಟದ ಹೊಸ ರೂಪ. ಒಂದು ನಿಯಮವನ್ನು ಕೊನೆಯವರೆಗೂ ನಿಯತ್ತಿನಿಂದ ಪಾಲಿಸಿದರೆ ಎಂಥ ಕಥೆ ಹುಟ್ಟುತ್ತದೆ ನೋಡಿ.

ಚಳ್ಳಕೆರೆ ರಸ್ತೆ

ಒಪ್ಪುವುದಿಲ್ಲ. ರೋಗಾಣು, ಪರಾವಲಂಬಿ ಹುಳ ಅಂತ ಹೆಸರು ಇಟ್ಟ ತಕ್ಷಣ ಅದಕ್ಕೆ ಔಷಧಿ ಇದೆ ಅಂತ ಮನಸ್ಸು ಹೇಳಿಬಿಡುತ್ತದೆ. ಆಮೇಲೆ ಉಳಿಯುವುದು ಓಟ, ಹೊಡೆದಾಟ ಅಷ್ಟೇ. ‘ದ ಸ್ಟ್ರೇನ್’ ಸರಣಿ 2014ರಲ್ಲಿ ಶುರುವಾದಾಗ ಮೊದಲ ಕಂತು ಎಷ್ಟು ಚೆನ್ನಾಗಿತ್ತು! ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಒಂದು ವಿಮಾನ ಇಳಿಯುತ್ತದೆ. ದೀಪ ಇಲ್ಲ, ಮಾತಿಲ್ಲ, ಒಳಗೆ ಸತ್ತವರು ಸೀಟಿನಲ್ಲೇ ಕೂತಿದ್ದಾರೆ. ಡ್ರಾಕುಲಾ ಬಂದ ಡಿಮೀಟರ್ ಹಡಗಿನ ಕಥೆಯೇ ರೆಕ್ಕೆ ಕಟ್ಟಿಕೊಂಡು ಬಂದಂತಿತ್ತು. ಆಮೇಲೆ ಮನುಷ್ಯರನ್ನು ವ್ಯಾಂಪೈರ್ ಮಾಡುವ ಬಿಳಿ ಹುಳಗಳನ್ನು ಹತ್ತಿರದಿಂದ ತೋರಿಸಲು ಶುರು ಮಾಡಿದರು. ಅಲ್ಲಿಂದ ನನಗೆ ಅಸಹ್ಯ ಆಯಿತೇ ಹೊರತು ಭಯ ಆಗಲಿಲ್ಲ.

ನಿಮ್ಮ ಬಫಿಯಿಂದಲೇ ಉದಾಹರಣೆ ಕೊಡುತ್ತೇನೆ. ‘ಹಶ್’ ಕಂತು, 1999ರ ಡಿಸೆಂಬರ್. ಊರಿಗೆ ಊರೇ ದನಿ ಕಳೆದುಕೊಳ್ಳುತ್ತದೆ. ನಗುಮುಖದ, ಸೂಟು ಹಾಕಿದ ಪ್ರಾಣಿಗಳು ನೆಲಕ್ಕೆ ಕಾಲು ತಾಗಿಸದೆ ತೇಲುತ್ತಾ ಬಂದು ಹೃದಯ ಕೀಳುತ್ತವೆ. ಕೂಗಲು ಯಾರಿಗೂ ಆಗುವುದಿಲ್ಲ. ಅವು ಹಳೇ ಕಥೆಗಳ ಪ್ರಾಣಿಗಳು, ಹೃದಯ ಬೇಕು ಅಂತ ಬರುತ್ತವೆ ಅನ್ನುವುದು ಬಿಟ್ಟರೆ ವೈಜ್ಞಾನಿಕ ಕಾರಣ ಯಾರೂ ಕೊಡುವುದಿಲ್ಲ. ಆ ಸರಣಿಯ 144 ಕಂತುಗಳಲ್ಲಿ ಎಲ್ಲರ ನೆನಪಿನಲ್ಲಿ ಉಳಿದದ್ದು ಅದೇ ಅಲ್ವಾ?

ರಾತ್ರಿಪಾಳಿ, ದಾವಣಗೆರೆ

ನಾನು ಇಲ್ಲಿನ ಒಂದು ರಕ್ತನಿಧಿಯಲ್ಲಿ ಕೆಲಸ ಮಾಡುತ್ತೇನೆ. ಹಾಗಾಗಿ ಈ ಚರ್ಚೆಗೆ ಬರದೆ ಇರಲು ಆಗಲಿಲ್ಲ.

ಮೊದಲು ಬ್ರಾಮ್ ಸ್ಟೋಕರ್ ಬರೆದ ‘ಡ್ರಾಕುಲಾ’ ಕಾದಂಬರಿ. ಅದನ್ನು ಹಳೇ ಕಾಲದ ಕೋಟೆ, ಮೇಣದಬತ್ತಿಯ ಕಥೆ ಅಂದುಕೊಳ್ಳಬೇಡಿ. 1897ರ ಮಟ್ಟಿಗೆ ಅದು ಪಕ್ಕಾ ಆಧುನಿಕ ಪುಸ್ತಕ. ಟೈಪ್‌ರೈಟರ್ ಇದೆ, ಟೆಲಿಗ್ರಾಂ ಇದೆ, ವೈದ್ಯ ತನ್ನ ದಿನಚರಿಯನ್ನು ಫೋನೋಗ್ರಾಫಿನಲ್ಲಿ ರೆಕಾರ್ಡ್ ಮಾಡುತ್ತಾನೆ. ಎಲ್ಲಕ್ಕಿಂತ ದೊಡ್ಡದು, ರಕ್ತ ವರ್ಗಾವಣೆ ಇದೆ. ಲೂಸಿ ಅನ್ನುವ ಹುಡುಗಿಗೆ ಒಬ್ಬರಾದ ಮೇಲೆ ಒಬ್ಬರಂತೆ ನಾಲ್ಕು ಗಂಡಸರು ರಕ್ತ ಕೊಡುತ್ತಾರೆ. ಗುಂಪು ನೋಡಿಲ್ಲ, ಕ್ರಾಸ್ ಮ್ಯಾಚ್, ಅಂದರೆ ಇಬ್ಬರ ರಕ್ತ ಹೊಂದುತ್ತದಾ ಅನ್ನುವ ಪರೀಕ್ಷೆ, ಮಾಡಿಲ್ಲ. ಮಾಡುವುದಾದರೂ ಹೇಗೆ? ವಿಜ್ಞಾನಿ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳ ವಿಷಯ ಪ್ರಕಟಿಸಿದ್ದೇ 1901ರಲ್ಲಿ. ನನ್ನಂಥವರು ಆ ಅಧ್ಯಾಯ ಓದಿದರೆ ಡ್ರಾಕುಲಾ ಮನೆಯೊಳಗೆ ಬರುವ ಮೊದಲೇ ಕೈ ನಡುಗುತ್ತದೆ. ಹೊಂದದ ರಕ್ತ ಹೋದರೆ ಮೈಯಲ್ಲಿ ಏನಾಗುತ್ತದೆ ಅಂತ ನಮಗೆ ಗೊತ್ತು.

‘ಟ್ರೂ ಬ್ಲಡ್’ ಸರಣಿಯಲ್ಲಿ ಜಪಾನಿನವರು ಕೃತಕ ರಕ್ತ ಕಂಡುಹಿಡಿಯುತ್ತಾರೆ, ಅದು ಬಾಟಲಿಯಲ್ಲಿ ಬರುತ್ತದೆ, ವ್ಯಾಂಪೈರ್‌ಗಳು ಬಹಿರಂಗವಾಗಿ ಬದುಕಲು ಶುರು ಮಾಡುತ್ತಾರೆ. ನಿಜದಲ್ಲಿ ಇವತ್ತಿಗೂ ದಾನಿಯ ರಕ್ತದ ಬದಲಿಗೆ ಎಲ್ಲ ಕಡೆ ಬಳಸುವಂಥ ಕೃತಕ ರಕ್ತ ಇಲ್ಲ. 350 ಅಥವಾ 450 ಮಿಲಿ ಲೀಟರಿನ ಚೀಲ, 2ರಿಂದ 6 ಡಿಗ್ರಿಯ ಫ್ರಿಜ್. ಸಾಮಾನ್ಯವಾಗಿ ಬಳಸುವ ದ್ರಾವಣದಲ್ಲಿ 35 ದಿನ ಇಡಬಹುದು, ಇನ್ನೊಂದು ಬಗೆಯಲ್ಲಿ 42 ದಿನ. ದಿನ ಕಳೆದಂತೆ ಚೀಲದ ಬಣ್ಣ ಕಪ್ಪಗಾಗುತ್ತಾ ಹೋಗುತ್ತದೆ. ಮೇಲೆ ಹಳದಿ ಪ್ಲಾಸ್ಮಾ, ಕೆಳಗೆ ಗಟ್ಟಿ ಕೆಂಪು. ಬೆಳಿಗ್ಗೆ ಮೂರು ಗಂಟೆಗೆ ಹೆರಿಗೆ ವಾರ್ಡಿನಿಂದ ಫೋನ್ ಬಂದಾಗ ಆ ಚೀಲ ತೆಗೆದು ಮೆಲ್ಲಗೆ ಅಲುಗಿಸಿ, ಚೀಟಿ ಎರಡು ಸಲ ಓದಿ ಕೊಡುವುದು ನನ್ನ ಕೆಲಸ. ರಕ್ತ ಎಷ್ಟು ಬೆಲೆಬಾಳುವ ವಸ್ತು ಅಂತ ಯಾವ ಸರಣಿ ಮರೆಯುತ್ತದೋ ಅದು ನನಗೆ ಬೇಡ. ವ್ಯಾಂಪೈರ್ ಕಥೆಯ ಜೀವ ಇರುವುದೇ ಅಲ್ಲಿ.

ಬಾವಲಿಯ ವಿಷಯವನ್ನೂ ಹೇಳಿಬಿಡುತ್ತೇನೆ. ರಕ್ತ ಕುಡಿಯುವ ಬಾವಲಿ ಜಗತ್ತಿನಲ್ಲಿ ಮೂರೇ ಜಾತಿ. ಮೂರೂ ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗೆ ಮಾತ್ರ. ನಮ್ಮ ದೇಶದಲ್ಲಿ ಒಂದೂ ಇಲ್ಲ. ಕೋಟೆ, ಗುಹೆ, ಪಾಳು ಗುಡಿಗಳಲ್ಲಿ ಇರುವ ನಮ್ಮ ದೊಡ್ಡ ಕಿವಿಯ ಬಾವಲಿಯನ್ನು ‘ಸುಳ್ಳು ವ್ಯಾಂಪೈರ್’ ಅಂತ ಕರೆದುಬಿಟ್ಟಿದ್ದಾರೆ. ಅದು ತಿನ್ನುವುದು ಕಪ್ಪೆ, ಇಲಿ, ಹಲ್ಲಿ, ಹುಳ. ಅಮೆರಿಕದ ಆ ರಕ್ತದ ಬಾವಲಿ ಎರಡು ಮೂರು ರಾತ್ರಿ ಊಟ ಸಿಗದಿದ್ದರೆ ಸತ್ತುಹೋಗುತ್ತದೆ. ಹಾಗಾಗಿ ಹೊಟ್ಟೆ ತುಂಬಿದ ಬಾವಲಿ ಹಸಿದ ಜೊತೆಗಾರನಿಗೆ ತಾನು ಕುಡಿದದ್ದನ್ನು ಕಕ್ಕಿ ಕೊಡುತ್ತದೆ. ವಿಲ್ಕಿನ್ಸನ್ ಅನ್ನುವ ವಿಜ್ಞಾನಿ 1984ರಲ್ಲಿ ಇದನ್ನು ಬರೆದರು. ಇದನ್ನು ಓದಿದ ಮೇಲೆ, ಒಬ್ಬನೇ ಕೋಟೆಯಲ್ಲಿ ಕೂತ ವ್ಯಾಂಪೈರ್‌ಗಿಂತ ಹಸಿವು ಹಂಚಿಕೊಳ್ಳುವ ವ್ಯಾಂಪೈರ್ ಕುಟುಂಬದ ಕಥೆ ಯಾಕೆ ಯಾರೂ ಮನಸ್ಸಿಟ್ಟು ಮಾಡಬಾರದು ಅನ್ನಿಸಿತು.

ಬಾತಿಗುಡ್ಡ

ಒಳ್ಳೇ ಮಾತು ರಾತ್ರಿಪಾಳಿ. ನಾನು ನಿಯಮಗಳ ಹುಚ್ಚ. ಅದಕ್ಕೇ ಒಂದೆರಡು ಸೇರಿಸುತ್ತೇನೆ.

ಬಿಸಿಲಿಗೆ ವ್ಯಾಂಪೈರ್ ಸುಟ್ಟುಹೋಗುತ್ತದೆ ಅನ್ನುವುದು ಸ್ಟೋಕರ್ ಪುಸ್ತಕದಲ್ಲಿ ಇಲ್ಲ. ಅಲ್ಲಿ ಡ್ರಾಕುಲಾ ಹಾಡಹಗಲೇ ಲಂಡನ್ ಬೀದಿಯಲ್ಲಿ ನಿಂತಿರುತ್ತಾನೆ. ಹಗಲಿನಲ್ಲಿ ಶಕ್ತಿ ಕಡಿಮೆ, ಅಷ್ಟೇ. ಬಿಸಿಲಿಗೆ ಕರಗಿಹೋಗುವುದು 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’ ತಂದ ನಿಯಮ. ಆ ಚಿತ್ರದವರು ಹಕ್ಕು ಕೊಂಡಿರಲಿಲ್ಲ. ಸ್ಟೋಕರ್ ಹೆಂಡತಿ ಕೋರ್ಟಿಗೆ ಹೋದರು. ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ ಆದೇಶವೂ ಆಯಿತು. ಆದರೂ ಕೆಲವು ಪ್ರತಿ ಉಳಿದವು, ನಿಯಮವೂ ಉಳಿಯಿತು. ಇನ್ನೊಂದು: ಪುಸ್ತಕದ ಕೊನೆಯಲ್ಲಿ ಡ್ರಾಕುಲಾ ಸಾಯುವುದು ಮರದ ಗೂಟದಿಂದ ಅಲ್ಲ. ಒಬ್ಬನ ಚಾಕು ಎದೆಗೆ, ಇನ್ನೊಬ್ಬನ ಕುಕ್ರಿ ಕುತ್ತಿಗೆಗೆ. ಹೌದು, ಗೂರ್ಖಾಗಳ ಅದೇ ಕುಕ್ರಿ.

ಸ್ಟಾರ್ ಟ್ರೆಕ್‌ನವರು ವ್ಯಾಂಪೈರ್ ನಮ್ಮದಲ್ಲ ಅನ್ನಬೇಡಿ. 1966ರ ಸೆಪ್ಟೆಂಬರ್ 8ರಂದು ಟಿವಿಯಲ್ಲಿ ಬಂದ ಮೊಟ್ಟಮೊದಲ ಕಂತೇ ವ್ಯಾಂಪೈರ್ ಕಥೆ. ಆ ಪ್ರಾಣಿ ಹೀರುವುದು ರಕ್ತವನ್ನಲ್ಲ, ಮೈಯೊಳಗಿನ ಉಪ್ಪನ್ನು. ನೋಡುವವರಿಗೆ ಅವರವರ ಹಳೇ ಪ್ರೀತಿಯ ಮುಖ ಹೊತ್ತು ಬರುತ್ತದೆ. ತನ್ನ ಜಾತಿಯಲ್ಲಿ ಉಳಿದದ್ದು ಅದೊಂದೇ. ಕೊನೆಗೆ ಡಾಕ್ಟರ್ ಮೆಕಾಯ್ ತಾನು ಪ್ರೀತಿಸಿದ ಹೆಂಗಸಿನ ಮುಖಕ್ಕೇ ಗುಂಡು ಹಾರಿಸಬೇಕಾಗುತ್ತದೆ. ಕಾರಣ ಪೂರ್ತಿ ವೈಜ್ಞಾನಿಕ, ನೋವು ಪೂರ್ತಿ ಮನುಷ್ಯರದ್ದು. ಚಳ್ಳಕೆರೆ ರಸ್ತೆಯವರೇ, ಕಾರಣ ಕೊಟ್ಟರೆ ಕಥೆ ಬಡವಾಗುತ್ತದೆ ಅನ್ನುವುದಕ್ಕೆ ಇದೇ ನನ್ನ ಉತ್ತರ.

ಶಿಲುಬೆಯ ವಿಷಯದಲ್ಲಿ ಬ್ರಿಟಿಷ್ ಸರಣಿ ‘ಡಾಕ್ಟರ್ ಹೂ’ 1989ರಲ್ಲಿ ಮಾಡಿದ್ದು ನನಗೆ ಎಲ್ಲಕ್ಕಿಂತ ಇಷ್ಟ. ‘ದ ಕರ್ಸ್ ಆಫ್ ಫೆನ್ರಿಕ್’ ಕಥೆಯಲ್ಲಿ ರಕ್ತ ಹೀರುವವರನ್ನು ತಡೆಯುವುದು ವಸ್ತು ಅಲ್ಲ, ಹಿಡಿದವನ ನಂಬಿಕೆ. ರಷ್ಯಾದ ಸೈನಿಕ ತನ್ನ ಕ್ರಾಂತಿಯ ನಕ್ಷತ್ರದ ಬ್ಯಾಡ್ಜ್ ಹಿಡಿಯುತ್ತಾನೆ, ಅವು ಹಿಂದೆ ಸರಿಯುತ್ತವೆ. ಯುದ್ಧ ನೋಡಿ ಒಳಗೇ ನಂಬಿಕೆ ಕಳೆದುಕೊಂಡ ಪಾದ್ರಿಯನ್ನು ಬೈಬಲ್ಲೂ ಉಳಿಸುವುದಿಲ್ಲ. ಈ ನಿಯಮ ಇಟ್ಟುಕೊಂಡರೆ ಯಾವ ಊರಿನಲ್ಲಿ ಬೇಕಾದರೂ ಕಥೆ ಹೇಳಬಹುದು.

ಪಿಯುಸಿ ಎರಡನೇ ವರ್ಷ

‘ಸ್ಟಾರ್‌ಗೇಟ್ ಅಟ್ಲಾಂಟಿಸ್’ ಸರಣಿಯ ರೇತ್ ಅನ್ನುವ ಅನ್ಯಲೋಕದ ಜೀವಿಗಳು ವ್ಯಾಂಪೈರ್ ಲೆಕ್ಕಕ್ಕೆ ಬರುತ್ತವಾ? ಅವು ರಕ್ತ ಕುಡಿಯುವುದಿಲ್ಲ, ಅಂಗೈಯಿಂದ ಆಯುಷ್ಯ ಹೀರುತ್ತವೆ. ಇನ್ನೊಂದು ಪ್ರಶ್ನೆ. ಬಿಸಿಲು ಆಗದಿದ್ದರೆ ಬೆಳದಿಂಗಳು ಹೇಗೆ ಆಗುತ್ತದೆ? ಅದೂ ಸೂರ್ಯನ ಬೆಳಕೇ ತಾನೇ?

ಬಾತಿಗುಡ್ಡ

ಖಂಡಿತ ಬರುತ್ತವೆ. ‘ಅಟ್ಲಾಂಟಿಸ್’ 2004ರಿಂದ 2009ರವರೆಗೆ ನಡೆಯಿತು, ನೂರು ಕಂತು. ಆ ರೇತ್‌ಗಳು ಜನ ಕಡಿಮೆಯಾದಾಗ ವರ್ಷಗಟ್ಟಲೆ ನಿದ್ದೆ ಮಾಡುತ್ತವೆ, ಎದ್ದಾಗ ಊರೂರು ಬಾಚಿಕೊಂಡು ಹೋಗುತ್ತವೆ. ಮನುಷ್ಯರು ಬೆಳೆಯಲಿ ಅಂತ ಬಿಡುತ್ತವೆ, ಆಮೇಲೆ ಕೊಯ್ಯುತ್ತವೆ. ಇದು ಹಸಿವಿನ ಲೆಕ್ಕ.

‘ಮೈಕೆಲ್’ ಕಂತನ್ನು ದಯವಿಟ್ಟು ನೋಡು. ಎರಡನೇ ಸೀಸನ್. ಒಬ್ಬ ಮನುಷ್ಯ ನೆನಪಿಲ್ಲದೆ ಎಚ್ಚರಾಗುತ್ತಾನೆ. ನೀನು ಲೆಫ್ಟಿನೆಂಟ್ ಮೈಕೆಲ್, ರೇತ್ ಕೈಗೆ ಸಿಕ್ಕಿದ್ದೆ, ನಾವು ಬಿಡಿಸಿ ತಂದೆವು ಅಂತ ಎಲ್ಲರೂ ಹೇಳುತ್ತಾರೆ. ನಿಜ ಏನೆಂದರೆ ಅವನೇ ರೇತ್. ಡಾಕ್ಟರ್ ಬೆಕೆಟ್ ರೆಟ್ರೋವೈರಸ್ ಚುಚ್ಚಿ ಅವನನ್ನು ಮನುಷ್ಯನನ್ನಾಗಿ ಮಾಡಿದ್ದಾರೆ. ಗೊತ್ತಾದಾಗ ಅವನ ಮುಖ ನೋಡಬೇಕು. ನಾವು ಒಳ್ಳೆಯವರು ಅಂತ ಅಲ್ಲಿಯವರೆಗೆ ನಂಬಿದ್ದ ನಾಯಕರ ಮೇಲೆ ಮೊದಲ ಸಲ ಸಿಟ್ಟು ಬರುತ್ತದೆ. ಮಾತು ತೆಗೆಯದೆ ಸುಮ್ನೆ ಕೊಂದಿದ್ದರೆ ವಾಸಿಯಿತ್ತು ಅನ್ನಿಸುತ್ತದೆ. ವ್ಯಾಂಪೈರ್ ರೋಗ ಅಂತಾದರೆ ಅವನು ರೋಗಿ. ರೋಗಿಯ ಒಪ್ಪಿಗೆ ಕೇಳಬೇಡವೇ? ಕಾರಣ ಕೊಟ್ಟಾಗ ಮಾತ್ರ ಹುಟ್ಟುವ ಪ್ರಶ್ನೆ ಇದು. ಗೂಟ ಹೊಡೆಯುವ ಕಥೆಯಲ್ಲಿ ಈ ಪ್ರಶ್ನೆ ಬರುವುದೇ ಇಲ್ಲ.

ಬೆಳದಿಂಗಳು: ಹುಣ್ಣಿಮೆ ಚಂದ್ರನ ಬೆಳಕು ಸೂರ್ಯನ ಬೆಳಕಿನ ಸುಮಾರು ನಾಲ್ಕು ಲಕ್ಷದಲ್ಲಿ ಒಂದು ಪಾಲು. ಅಷ್ಟಕ್ಕೆ ಸುಡುವುದಿಲ್ಲ ಅಂತ ಇಟ್ಟುಕೊಳ್ಳಬಹುದು. ಆದರೆ ಗಾಜಿನ ವಿಷಯ ಯೋಚಿಸು. ಕುಂದವಾಡ ಕೆರೆ ಹತ್ತಿರದ ನಮ್ಮ ಗಾಜಿನ ಮನೆಯೊಳಗೆ ಮಧ್ಯಾಹ್ನ ವ್ಯಾಂಪೈರ್ ನಿಂತರೆ ಏನಾಗಬೇಕು? ಸಾಮಾನ್ಯ ಗಾಜು ನೇರಳಾತೀತ ಬೆಳಕಿನಲ್ಲಿ ಬಿ ಬಗೆಯದನ್ನು ಬಹುಪಾಲು ತಡೆಯುತ್ತದೆ, ಎ ಬಗೆಯದು ಒಳಗೆ ಬರುತ್ತದೆ. ಕಥೆ ಬರೆಯುವವರು ಯಾವ ಬೆಳಕು ಸುಡುತ್ತದೆ ಅಂತ ಮೊದಲೇ ತೀರ್ಮಾನ ಮಾಡಿರಬೇಕು.

ಸೀಗೆಹುಣ್ಣಿಮೆ, ಹರಿಹರದ ಕಡೆ

ಎಲ್ಲ ಓದುತ್ತಾ ಬಂದೆ. ಒಂದು ಕೊರತೆ ಕಾಣಿಸಿತು. ಎಲ್ಲರೂ ಲಂಡನ್, ನ್ಯೂಯಾರ್ಕ್, ‘ಅಟ್ಲಾಂಟಿಸ್’ ನಡೆಯುವ ಪೆಗಾಸಸ್ ಗ್ಯಾಲಕ್ಸಿ ಸುತ್ತಿ ಬಂದಿರಿ. ನಮ್ಮ ಹಿತ್ತಲಿಗೆ ಯಾರೂ ಬರಲಿಲ್ಲ.

ವ್ಯಾಂಪೈರ್ ಕರೆಯದೆ ಮನೆಯೊಳಗೆ ಬರುವ ಹಾಗಿಲ್ಲ, ಅಲ್ವಾ? ನಮ್ಮಲ್ಲೂ ಇದೆ. ರಾತ್ರಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓಗೊಡಬಾರದು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಮೂರನೇ ಸಲ ಕರೆದರೆ ಮನುಷ್ಯರು. ಅದಕ್ಕೆ ಮೂರು ಸಲ ಕೂಗಲು ಬರುವುದಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಕಡೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದದ್ದು ನೆನಪಿರಬಹುದು. ಮನೆಯವರ ದನಿಯಲ್ಲೇ ಕರೆಯುವ ಹೆಂಗಸಿನ ದೆವ್ವ, ಬರಹ ಓದಿ ವಾಪಸ್ ಹೋಗುತ್ತದೆ, ಮರುದಿನ ಬರುತ್ತದೆ, ಮತ್ತೆ ಅದನ್ನೇ ಓದುತ್ತದೆ. ಸ್ಟಾರ್ ಟ್ರೆಕ್‌ನ ಆ ಉಪ್ಪಿನ ಪ್ರಾಣಿ ಪ್ರೀತಿಯ ಮುಖ ಹೊತ್ತು ಬಂದರೆ, ನಮ್ಮದು ಪ್ರೀತಿಯ ದನಿ ಹೊತ್ತು ಬರುತ್ತದೆ. ಇನ್ನು ಉಪ್ಪು. ದೃಷ್ಟಿ ತೆಗೆಯುವಾಗ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕುತ್ತೇವೆ. ಅಲ್ಲಿ ಆಸೆ ಹುಟ್ಟಿಸುವ ವಸ್ತು ಇಲ್ಲಿ ಓಡಿಸುವ ವಸ್ತು.

ಕಾಳಿನ ವಿಷಯವೂ ಇದೆ. ಯುರೋಪಿನ ಹಳ್ಳಿಗಳಲ್ಲಿ ದಾರಿಗೆ ಗಸಗಸೆ, ನವಣೆ ಚೆಲ್ಲುತ್ತಿದ್ದರಂತೆ. ವ್ಯಾಂಪೈರ್ ಒಂದೊಂದೇ ಕಾಳು ಎಣಿಸುತ್ತಾ ಕೂತು ಬೆಳಗಾಗಿಬಿಡಲಿ ಅಂತ. 1998ರಲ್ಲಿ ‘ಎಕ್ಸ್ ಫೈಲ್ಸ್’ನ ‘ಬ್ಯಾಡ್ ಬ್ಲಡ್’ ಕಂತಿನಲ್ಲಿ ಪತ್ತೇದಾರ ಮಲ್ಡರ್ ಸೂರ್ಯಕಾಂತಿ ಬೀಜ ಚೆಲ್ಲುವುದು ಇದೇ ನಂಬಿಕೆಯಿಂದ. ನಮ್ಮ ಹೊಲದಲ್ಲೂ ಚೆಲ್ಲುತ್ತೇವೆ. ಸೀಗೆ ಹುಣ್ಣಿಮೆಗೆ ಚರಗ. ಬೆಳೆದು ನಿಂತ ಪೈರಿನ ನಡುವೆ ಒಬ್ಬರು ಅಡುಗೆ ಕಲಸಿದ್ದನ್ನು ಎರಚುತ್ತಾ ಹೋಗುತ್ತಾರೆ, ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತಾರೆ. ಬದುವಿನ ಮೇಲೆ ಎಲೆಯಲ್ಲಿ ಒಂದು ಪಾಲು ಇಡುತ್ತಾರೆ. ಅದು ಯಾರನ್ನೂ ಮೋಸ ಮಾಡಲು ಅಲ್ಲ, ಉಣ್ಣಿಸಲು. ಭೂಮಿತಾಯಿಗೆ, ಹಕ್ಕಿಗೆ, ಹುಳಕ್ಕೆ, ಕಣ್ಣಿಗೆ ಕಾಣದವರಿಗೆ. ಹಸಿದ ಜೀವದ ಎದುರು ಎರಡು ಊರಿನ ಜನ ಎರಡು ರೀತಿ ನಡೆದುಕೊಂಡಿದ್ದಾರೆ. ನನಗೆ ನಮ್ಮ ರೀತಿ ಇಷ್ಟ. ರಾತ್ರಿಪಾಳಿಯವರು ಹೇಳಿದ ಬಾವಲಿಗಳೂ ಹಾಗೇ ಮಾಡುತ್ತವೆ ನೋಡಿ.

ಚಳ್ಳಕೆರೆ ರಸ್ತೆ

ಸೀಗೆಹುಣ್ಣಿಮೆಯವರ ಮಾತಿನಲ್ಲೇ ನಾನು ಹುಡುಕುತ್ತಿದ್ದದ್ದು ಸಿಕ್ಕಿತು. ಮೂರನೇ ಕೂಗು ಯಾಕೆ ಅದಕ್ಕೆ ಆಗುವುದಿಲ್ಲ? ಅಜ್ಜಿ ಕಾರಣ ಹೇಳಲಿಲ್ಲ. ನಿಯಮ ಮಾತ್ರ ಹೇಳಿದರು. ಅಷ್ಟಕ್ಕೇ ಮೈ ಜುಂ ಅನ್ನುತ್ತದೆ. ನನಗೆ ಬೇಕಾಗಿರುವುದು ನಿಯಮ, ಕಾರಣ ಅಲ್ಲ.

ಬೇತಾಳನನ್ನೇ ತೆಗೆದುಕೊಳ್ಳಿ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಒಡೆಯುತ್ತದೆ. ಮಾತಾಡಿದರೆ ಹೆಣ ಮತ್ತೆ ಮರಕ್ಕೆ. ಎರಡೂ ಕಡೆ ಬಾಗಿಲು ಹಾಕಿದ ನಿಯಮ. ಕೊನೆಯ ಕಥೆಗೆ ರಾಜನಿಗೆ ನಿಜವಾಗಿಯೂ ಉತ್ತರ ಗೊತ್ತಿಲ್ಲ, ಅದಕ್ಕೇ ಬಿಡುಗಡೆ. ಇದನ್ನು ಹನ್ನೊಂದನೇ ಶತಮಾನದಲ್ಲಿ ಸೋಮದೇವ ಬರೆದಿಟ್ಟಿದ್ದ. 1985ರಲ್ಲಿ ದೂರದರ್ಶನದಲ್ಲಿ ನೋಡಿದವರಿಗೆ ಇವತ್ತಿಗೂ ಬಾಯಿಪಾಠ. ಬೇತಾಳ ಹೆಣದೊಳಗೆ ಹೇಗೆ ಹೊಕ್ಕ ಅಂತ ಯಾರಾದರೂ ಕೇಳಿದರಾ?

ದುರ್ಗದವರಿಗೆ ಇನ್ನೊಂದು. ಮೇಲುದುರ್ಗದ ಹಿಡಿಂಬೇಶ್ವರ ಗುಡಿ ಗೊತ್ತಿದೆ. ಇಲ್ಲೇ ಹಿಡಿಂಬ ಇದ್ದ, ಭೀಮ ಕೊಂದ ಅನ್ನುವುದು ಊರಿನ ನಂಬಿಕೆ. ಮನುಷ್ಯರ ವಾಸನೆ ಹಿಡಿದು ಬರುವ, ನರಮಾಂಸ ತಿನ್ನುವ ರಾಕ್ಷಸ. ಅವನ ತಂಗಿ ಬೇಕಾದ ರೂಪ ತಾಳಬಲ್ಲವಳು. ಮಗ ಘಟೋತ್ಕಚನ ಬಲ ರಾತ್ರಿಯಲ್ಲಿ ಜಾಸ್ತಿ, ಅದಕ್ಕೇ ಕುರುಕ್ಷೇತ್ರದ ರಾತ್ರಿ ಯುದ್ಧದಲ್ಲಿ ಅವನನ್ನು ಕರೆದರು. ಹಗಲಲ್ಲಿ ಓಡಾಡಬಹುದು, ರಾತ್ರಿ ಪೂರ್ತಿ ಶಕ್ತಿ. ಬಾತಿಗುಡ್ಡದವರು ಹೇಳಿದ ಸ್ಟೋಕರ್ ನಿಯಮವೇ ಅಲ್ವಾ ಇದು?

ಪಿಯುಸಿ ಎರಡನೇ ವರ್ಷ

ಹಾಗಾದರೆ ಬಫಿಗೆ ಗೂಟ, ಓಬವ್ವನಿಗೆ ಒನಕೆ! ಕಿಂಡಿಯಿಂದ ಒಬ್ಬೊಬ್ಬರಾಗಿ ಬರುವ ವ್ಯಾಂಪೈರ್‌ಗಳು! ಯಾರಾದರೂ ಮಾಡಿ ಪ್ಲೀಸ್.

ಕೋಟೆಬಾಗಿಲು, ಚಿತ್ರದುರ್ಗ

ತಮ್ಮಾ, ಓಬವ್ವನನ್ನು ಬಿಟ್ಟುಬಿಡು. ನಮಗೆ ಅವಳು ಕಥೆಯ ಪಾತ್ರ ಅಲ್ಲ. ಹೈದರಾಲಿಯ ಸೈನಿಕರು ನುಸುಳಿದ ಆ ಕಿಂಡಿಯ ಮುಂದೆ ನಿಂತು ನೋಡು, ಬಗ್ಗಿದರೆ ಒಬ್ಬರೇ ತೂರಬಹುದು. ಅಲ್ಲಿ ನಿಂತವಳ ಧೈರ್ಯಕ್ಕೆ ವ್ಯಾಂಪೈರ್ ಸೇರಿಸಿ ದೊಡ್ಡದು ಮಾಡುವ ಅಗತ್ಯ ಇಲ್ಲ.

ಚಳ್ಳಕೆರೆ ರಸ್ತೆಯವರ ಮಾತು ನನಗೆ ಹಿಡಿಸಿತು. ನಿಯಮ ಮೊದಲು. ಆದರೆ ಸೈನ್ಸ್ ಫಿಕ್ಷನ್ ಮಾಡುವುದು ಇಷ್ಟೇ: ಆ ನಿಯಮವನ್ನು ಇವತ್ತಿನ ವಸ್ತುಗಳ ಎದುರು ನಿಲ್ಲಿಸುತ್ತದೆ. ಪೀಟರ್ ವಾಟ್ಸ್ 2006ರ ‘ಬ್ಲೈಂಡ್‌ಸೈಟ್’ ಕಾದಂಬರಿಯಲ್ಲಿ ಶಿಲುಬೆಗೆ ಏನು ಮಾಡಿದರು ಗೊತ್ತಾ? ವ್ಯಾಂಪೈರ್ ಅಂದರೆ ಹಿಂದೆ ಅಳಿದುಹೋದ ಮನುಷ್ಯರದೇ ಒಂದು ಕವಲು. ಅವರ ಮಿದುಳಿಗೆ ಒಂದು ದೋಷ. ಲಂಬಕೋನದಲ್ಲಿ ದಾಟುವ ಎರಡು ಗೆರೆ ಕಂಡರೆ ಫಿಟ್ಸ್ ಬರುತ್ತದೆ. ಕಾಡಿನಲ್ಲಿ ಲಂಬಕೋನ ಇರಲಿಲ್ಲ, ತೊಂದರೆ ಇರಲಿಲ್ಲ. ಮನುಷ್ಯ ಮನೆ ಕಟ್ಟಿದ, ಚೌಕಟ್ಟು ಇಟ್ಟ, ಅವರು ಅಳಿದರು. ದೇವರಿಲ್ಲದೆ ಶಿಲುಬೆ ಕೆಲಸ ಮಾಡುತ್ತದೆ. ಇದನ್ನು ಓದಿದ ಮೇಲೆ ಕೋಟೆ ಹತ್ತುವಾಗ ಕಲ್ಲು ಸೀಳಲು ಸಾಲಾಗಿ ಕೊರೆದ ಉಳಿ ಗುರುತು, ಬಾಗಿಲ ಚೌಕಟ್ಟು, ಮಂಟಪದ ಕಂಬ ತೊಲೆ ಎಲ್ಲ ಬೇರೆ ಥರ ಕಾಣಿಸಿದವು.

ಈಗ ‘ನಾಳೆ ಬಾ’ ನಿಯಮಕ್ಕೆ ಇದನ್ನೇ ಮಾಡೋಣ. ರಾತ್ರಿ ಬಾಗಿಲ ಹೊರಗೆ ಅಮ್ಮನ ದನಿ. ಒಳಗಿರುವ ಮಗಳು ಬಾಗಿಲು ತೆಗೆಯುವುದಿಲ್ಲ, ಅಮ್ಮನ ಮೊಬೈಲಿಗೆ ಫೋನ್ ಮಾಡುತ್ತಾಳೆ. ಅಮ್ಮ ಹೊಸದುರ್ಗದಲ್ಲಿ ಮದುವೆ ಮನೆಯಲ್ಲಿ ಇದ್ದಾರೆ, ಫೋನ್ ಎತ್ತುತ್ತಾರೆ. ಬಾಗಿಲ ಕ್ಯಾಮೆರಾದಲ್ಲಿ ಖಾಲಿ ಮೆಟ್ಟಿಲು. ಫೋನಿನಲ್ಲಿ ಅಮ್ಮ ‘ಯಾರೇ ಅದು, ನನ್ನ ದನಿ ಕೇಳಿಸುತ್ತಿದೆಯಲ್ಲ’ ಅನ್ನುತ್ತಾರೆ. ಅಂದರೆ ಈ ಪ್ರಾಣಿಯ ದನಿ ಫೋನಿಗೆ ಸಿಗುತ್ತದೆ, ರೂಪ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಇಲ್ಲಿಂದ ಕಥೆ ಮುಂದಕ್ಕೆ ಹೋಗುತ್ತದೆ.

ರಾತ್ರಿಪಾಳಿ, ದಾವಣಗೆರೆ

ಕಥೆ ಬಹಳ ಚೆನ್ನಾಗಿದೆ. ಆದರೆ ಒಂದು ಮಾತನ್ನು ಮುಂಚೆಯೇ ಹೇಳಬೇಕು.

ವ್ಯಾಂಪೈರ್ ನಂಬಿಕೆ ಬರೀ ಕಥೆಯಾಗಿ ಉಳಿದಿರಲಿಲ್ಲ. 1725ರಲ್ಲಿ ಸರ್ಬಿಯಾದ ಕಿಸಿಲ್ಯೆವೊ ಹಳ್ಳಿಯಲ್ಲಿ ಜನ ಒಬ್ಬನ ಗೋರಿ ಅಗೆದು ಹೆಣಕ್ಕೆ ಗೂಟ ಹೊಡೆದರು. ಆಸ್ಟ್ರಿಯಾದ ಅಧಿಕಾರಿ ಅದಕ್ಕೆ ಸಾಕ್ಷಿಯಾಗಿದ್ದ. ಬಾಯಿಯಲ್ಲಿ ರಕ್ತ, ಉಬ್ಬಿದ ಮೈ, ಬೆಳೆದ ಉಗುರು ಕಂಡಿತ್ತಂತೆ. ಶವಾಗಾರದಲ್ಲಿ ಕೆಲಸ ಮಾಡುವವರನ್ನು ಕೇಳಿ, ಅದೆಲ್ಲ ಕೊಳೆಯುವಾಗ ಆಗುವುದೇ. ಒಳಗೆ ಅನಿಲ ತುಂಬಿ ಮೈ ಉಬ್ಬುತ್ತದೆ, ಕಪ್ಪು ದ್ರವ ಬಾಯಿಗೆ ಬರುತ್ತದೆ, ಚರ್ಮ ಹಿಂದೆ ಸರಿದು ಉಗುರು ಉದ್ದ ಕಾಣುತ್ತದೆ. 1755ರಲ್ಲಿ ರಾಣಿ ಮಾರಿಯಾ ತೆರೇಸಾ ತನ್ನ ವೈದ್ಯ ವಾನ್ ಸ್ವೀಟನ್ ಅವರಿಂದ ವರದಿ ತರಿಸಿ ಹೀಗೆ ಹೆಣ ಅಗೆಯುವುದನ್ನು ನಿಲ್ಲಿಸಿದಳು. ಆದರೂ 1892ರಲ್ಲಿ ಅಮೆರಿಕದ ರೋಡ್ ಐಲ್ಯಾಂಡಿನಲ್ಲಿ ಮರ್ಸಿ ಬ್ರೌನ್ ಅನ್ನುವ ಹುಡುಗಿಯ ಹೆಣ ತೆಗೆದು ಹೃದಯ ಸುಟ್ಟರು. ಅವಳು ಸತ್ತದ್ದು ಕ್ಷಯದಿಂದ. ತಾಯಿ, ಅಕ್ಕ ಮೊದಲೇ ಹೋಗಿದ್ದರು. ಅಣ್ಣ ಕಾಯಿಲೆಯಿಂದ ಮಲಗಿದ್ದ. ಆ ಬೂದಿಯನ್ನು ಅವನಿಗೆ ಕುಡಿಸಿದರು. ಅವನೂ ಉಳಿಯಲಿಲ್ಲ. ವಿಜ್ಞಾನಿ ಕೋಕ್ ಕ್ಷಯದ ರೋಗಾಣು ಕಂಡುಹಿಡಿದು ಆಗಲೇ ಹತ್ತು ವರ್ಷ ಆಗಿತ್ತು.

ನಮ್ಮ ಕಡೆ ಈ ಆರೋಪ ಸತ್ತವರ ಮೇಲಲ್ಲ, ಬದುಕಿರುವ ಹೆಂಗಸರ ಮೇಲೆ ಬರುತ್ತದೆ. ಮಾಟ, ಬಾನಾಮತಿ ಅಂತ. ಅದಕ್ಕೇ ಕರ್ನಾಟಕದಲ್ಲಿ 2017ರಲ್ಲಿ ಕಾಯ್ದೆ ಆಯಿತು, 2020ರ ಜನವರಿಯಿಂದ ಜಾರಿಯಲ್ಲಿದೆ. ನಿಮ್ಮ ಸರಣಿಯಲ್ಲಿ ಊರಿನವರು ಒಬ್ಬ ಒಂಟಿ ಹೆಂಗಸಿನ ಕಡೆ ಬೆರಳು ತೋರಿಸುವ ದೃಶ್ಯ ಬಂದರೆ, ಅವಳು ನಿಜಕ್ಕೂ ಪಿಶಾಚಿ ಅಂತ ಆಗಬಾರದು. ಇದು ನನ್ನ ಬೇಡಿಕೆ ಅಲ್ಲ, ಷರತ್ತು.

ಸೀಗೆಹುಣ್ಣಿಮೆ, ಹರಿಹರದ ಕಡೆ

ಷರತ್ತಿಗೆ ನನ್ನದೂ ಸಹಿ. ಬೆರಳು ತೋರಿಸಿಕೊಂಡವಳೇ ನಿಯಮ ಬಲ್ಲವಳಾಗಲಿ. ಮೂರನೇ ಕೂಗಿನ ವಿಷಯ ಊರಿಗೆ ಹೇಳುವವಳು ಅವಳೇ.

ಚಳ್ಳಕೆರೆ ರಸ್ತೆ

ಹಾಗಾದರೆ ನಾನೂ ಬರೆಯಲು ಸೇರುತ್ತೇನೆ. ಜಾಗ ಚಳ್ಳಕೆರೆ ಕಡೆಯೇ ಇರಲಿ. ಇಸ್ರೋದ ರೆಕ್ಕೆಯ ವಾಹನ ‘ಪುಷ್ಪಕ್’ ಇಳಿದದ್ದು ನಮ್ಮ ಜಿಲ್ಲೆಯಲ್ಲಿ. 2023ರ ಏಪ್ರಿಲ್ 2ರ ಬೆಳಿಗ್ಗೆ, ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ತಾನೇ ದಾರಿ ಹಿಡಿದು ರನ್‌ವೇಗೆ ಬಂತು. 2024ರಲ್ಲಿ ಇನ್ನೂ ಎರಡು ಸಲ ಇಳಿಯಿತು. ಒಳಗೆ ಒಬ್ಬ ಮನುಷ್ಯನೂ ಇಲ್ಲ. ಸುತ್ತ ಬಯಲು, ಜಾಲಿ, ಕುರಿ ಮಂದೆ. ರಾತ್ರಿ ಅಂಥ ಬಯಲಿನಲ್ಲಿ ಕುರಿ ಕಾಯುವವರಿಗೆ ದೂರದಿಂದ ಯಾರೋ ಹೆಸರು ಹಿಡಿದು ಕರೆದರೆ ಹೇಗಿರುತ್ತದೆ ಯೋಚಿಸಿ. ಕಾರಣ ಮಾತ್ರ ಕೊನೆಯ ಕಂತಿನವರೆಗೂ ಹೇಳುವುದು ಬೇಡ. ಅಷ್ಟು ಒಪ್ಪಿದರೆ ನಾನು ತಯಾರು.

ಬಾತಿಗುಡ್ಡ

ಒಪ್ಪಿದೆ. ಆದರೆ ಬರೆಯುವ ನಮಗಾದರೂ ಕಾರಣ ಗೊತ್ತಿರಬೇಕು. ಇಲ್ಲದಿದ್ದರೆ ನಾಲ್ಕನೇ ಕಂತಿಗೆ ನಿಯಮ ಸಡಿಲವಾಗುತ್ತದೆ.

ಕೋಟೆಬಾಗಿಲು, ಚಿತ್ರದುರ್ಗ

ಸರಿ. ನಾನು ಮೊದಲ ಕಂತಿನ ದೃಶ್ಯಗಳನ್ನು ಭಾನುವಾರದೊಳಗೆ ಇಲ್ಲಿ ಹಾಕುತ್ತೇನೆ. ರಾತ್ರಿಪಾಳಿಯವರು ರಕ್ತನಿಧಿಯ ದೃಶ್ಯ ಬರೆಯಲಿ. ಸೀಗೆಹುಣ್ಣಿಮೆಯವರು ಚರಗದ ರಾತ್ರಿ. ಪಿಯುಸಿ ಹುಡುಗ ಬೆಳಕಿನ ನಿಯಮ ಬರೆದು ಕೊಡಲಿ: ಬಿಸಿಲು, ಬೆಳದಿಂಗಳು, ಗಾಜಿನೊಳಗಿನ ಬೆಳಕು, ಟ್ಯೂಬ್‌ಲೈಟು, ಯಾವುದನ್ನು ಅದು ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಅಂತ.

ಪಿಯುಸಿ ಎರಡನೇ ವರ್ಷ

ಬರೆಯುತ್ತೇನೆ. ಆದರೆ ಒಂದು ಸಂಶಯ. ಅದಕ್ಕೆ ಅಮ್ಮನ ದನಿ ಬರುತ್ತದೆ ಅಂದರೆ ಅಮ್ಮನ ದನಿಯನ್ನು ಅದು ಎಲ್ಲಿ ಕೇಳಿಸಿಕೊಂಡಿತು?